ಮತ ಒಂದೂರು, ದುಡಿಮೆ ಒಂದೂರು

ಹೈದರಾಬಾದ್–ಸಿಕಂದರಾಬಾದ್ ಅವಳಿ ನಗರಗಳ ಕನ್ನಡ ಸಂಘಗಳ ಪದಾಧಿಕಾರಿಗಳಿಗೆ ಮತ್ತು ಎಲ್ಲ ಸದಸ್ಯ ಬಂಧುಗಳಿಗೆ,



ರಾಜ್ಯೋತ್ಸವಕ್ಕೆ ಯಾರನ್ನು ಕರೆಸಬೇಕು, ಊಟಕ್ಕೆ ಏನಿರಬೇಕು ಎಂಬ ಚರ್ಚೆ ನಮ್ಮ ಸಂಘಗಳಲ್ಲಿ ತಿಂಗಳುಗಟ್ಟಲೆ ಮೊದಲೇ ಶುರುವಾಗುತ್ತದೆ. ಆ ಚರ್ಚೆಯ ನಡುವೆ ಇನ್ನೊಂದು ವಿಷಯಕ್ಕೂ ಸ್ವಲ್ಪ ಜಾಗ ಕೊಡಿ ಎಂದು ಕೇಳಿಕೊಳ್ಳಲು ಈ ಪತ್ರ. ಮಿಯಾಪುರ, ಗಚ್ಚಿಬೌಲಿ, ಕೊಂಡಾಪುರಗಳಲ್ಲಿ ಏಳುತ್ತಿರುವ ಕಟ್ಟಡಗಳ ಬುಡದಲ್ಲಿ, ನಮ್ಮ ನಮ್ಮ ಅಡುಗೆಮನೆಗಳಲ್ಲಿ ಯಾದಗಿರಿ, ಕಲಬುರಗಿ, ರಾಯಚೂರು, ಬೀದರ್ ಕಡೆಯ ಜನ ದುಡಿಯುತ್ತಿದ್ದಾರೆ. ಕರ್ನಾಟಕ, ತೆಲಂಗಾಣ ಸರ್ಕಾರಗಳು ಎರಡೂ ಕಡೆ ಕಲ್ಯಾಣ ಯೋಜನೆಗಳ ಗ್ಯಾರಂಟಿಗಳನ್ನು ಹಂಚುತ್ತಿರುವ ಈ ಕಾಲದಲ್ಲಿ, ಹೆಚ್ಚಿನವು ಕೈಗೆ ಸಿಗದೆ ನಡುವೆ ಉಳಿದವರು ಇವರು. ಅವರಿಗಾಗಿ ನಾವು ಮಾಡಬಹುದಾದ ಕೆಲವು ಕೆಲಸಗಳಿವೆ. ಅವನ್ನು ಹೇಳುವ ಮೊದಲು ನಮ್ಮಲ್ಲಿ ಆಗಾಗ ನಡೆಯುವ ಒಂದು ವಾದಕ್ಕೆ ಉತ್ತರ ಕೊಡಬೇಕಾಗಿದೆ.

'ಬಿಟ್ಟಿ ಭಾಗ್ಯ' ಎಂಬ ಮಾತು ನಮ್ಮ ವಾಟ್ಸ್ಆ್ಯಪ್ ಗುಂಪುಗಳಲ್ಲಿ ವಾರಕ್ಕೊಮ್ಮೆಯಾದರೂ ಬರುತ್ತದೆ. ನಮ್ಮ ತೆರಿಗೆಯ ಹಣದಲ್ಲಿ ಓಟು ಕೊಳ್ಳುತ್ತಿದ್ದಾರೆ, ಜನರನ್ನು ಸೋಮಾರಿ ಮಾಡುತ್ತಿದ್ದಾರೆ ಎನ್ನುತ್ತೇವೆ. ಓಟಿಗಾಗಿ ಕೊಡುತ್ತಾರೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಕೊಡುವವರಿಗೆ ಓಟು ಬೇಕು, ಪಡೆಯುವವರಿಗೆ ಅನ್ನ ಬೇಕು. ಇವೆರಡೂ ಒಂದೇ ಕಡೆ ಸೇರಿದಾಗಲೇ ಬಡವರಿಗೆ ಏನಾದರೂ ದಕ್ಕಿದೆ. ಈ ಮಾತಿಗೆ ಹೈದರಾಬಾದಿಗಿಂತ ಒಳ್ಳೆಯ ಸಾಕ್ಷಿ ಬೇರೆ ಊರಿನಲ್ಲಿ ಸಿಗುವುದು ಕಷ್ಟ.

1982ರ ಮಾರ್ಚ್‌ನಲ್ಲಿ ಎನ್.ಟಿ. ರಾಮರಾವ್ ಇದೇ ಊರಿನಲ್ಲಿ ತೆಲುಗು ದೇಶಂ ಕಟ್ಟಿದರು. ಎರಡು ರೂಪಾಯಿಗೆ ಕೆ.ಜಿ. ಅಕ್ಕಿ ಅವರ ದೊಡ್ಡ ಭರವಸೆಯಾಗಿತ್ತು. ಆಗ ಅಧಿಕಾರದಲ್ಲಿದ್ದ ಕಾಂಗ್ರೆಸ್ ಗಾಬರಿಗೊಂಡಿತು. ಮುಖ್ಯಮಂತ್ರಿ ಕೋಟ್ಲ ವಿಜಯಭಾಸ್ಕರ ರೆಡ್ಡಿಯವರು ಚುನಾವಣೆಗೆ ಮುನ್ನವೇ 1 ರೂಪಾಯಿ 90 ಪೈಸೆಗೆ ಅಕ್ಕಿ ಕೊಡುವ ಯೋಜನೆ ತಂದರು. ಹತ್ತು ಪೈಸೆ ಕಡಿಮೆಗೆ ಸಿಗುವ ಅಕ್ಕಿಯನ್ನು ಬಿಟ್ಟು ಜನ ರಾಮರಾವ್ ಅವರನ್ನೇ ಆರಿಸಿದರು. ಬರೀ ಅಗ್ಗದ ಬೆಲೆಗೆ ಮತ ಮಾರಾಟವಾಗುವುದಾಗಿದ್ದರೆ 1983ರ ಜನವರಿಯ ಫಲಿತಾಂಶ ಬೇರೆಯೇ ಇರುತ್ತಿತ್ತು. ಗೆದ್ದ ರಾಮರಾವ್ ಆ ಅಕ್ಕಿ ಕೊಟ್ಟ ಮೇಲೆ, ಗಂಜಿ ಕುಡಿದು ಮಲಗುತ್ತಿದ್ದ ಮನೆಗಳಲ್ಲಿ ಎರಡು ಹೊತ್ತು ಅನ್ನ ಬೇಯುವಂತಾಯಿತು. 1989ರಲ್ಲಿ ರಾಮರಾವ್ ಸೋತರು. ಅಕ್ಕಿ ಮಾತ್ರ ಹೋಗಲಿಲ್ಲ. ನಂತರ ಬಂದವರು ಬೆಲೆ ಏರಿಸಿದರು. ಚಂದ್ರಬಾಬು ನಾಯ್ಡು ಅವರ ಕಾಲದಲ್ಲಿ ಅದು ಮೂರೂವರೆ ರೂಪಾಯಿಗೆ ಏರಿತು, ಮುಂದೆ ಐದು ರೂಪಾಯಿ ದಾಟಿತು. ವೈ.ಎಸ್. ರಾಜಶೇಖರ ರೆಡ್ಡಿಯವರು 2008ರಲ್ಲಿ ಮತ್ತೆ ಎರಡಕ್ಕೆ ತಂದರು, ಕಿರಣ್ ಕುಮಾರ್ ರೆಡ್ಡಿಯವರು 2011ರಲ್ಲಿ ಒಂದಕ್ಕೆ ಇಳಿಸಿದರು. 2025ರ ಯುಗಾದಿಯ ದಿನ ಹುಜೂರ್‌ನಗರದಲ್ಲಿ ತೆಲಂಗಾಣದ ರೇವಂತ್ ರೆಡ್ಡಿಯವರ ಸರ್ಕಾರ ಸಣ್ಣಕ್ಕಿಯನ್ನೇ ಉಚಿತವಾಗಿ ಕೊಡಲು ಶುರುಮಾಡಿತು. ಪಕ್ಷ ಯಾವುದೇ ಇರಲಿ, ನಲವತ್ತು ವರ್ಷಗಳಲ್ಲಿ ಆ ಅಕ್ಕಿಯನ್ನು ಪೂರ್ತಿ ನಿಲ್ಲಿಸುವ ಧೈರ್ಯ ಯಾರಿಗೂ ಬಂದಿಲ್ಲ.

ಮತಕ್ಕಾಗಿ ಸರ್ಕಾರ ಜನರ ಕಷ್ಟಕ್ಕೆ ಕೈಹಾಕುವುದು ನಮ್ಮ ದೇಶ ಕಂಡುಹಿಡಿದ ಉಪಾಯವೂ ಅಲ್ಲ. ರಾಮರಾವ್ ಅವರಿಗಿಂತ ಸರಿಯಾಗಿ ನೂರು ವರ್ಷ ಮೊದಲು, 1883ರಲ್ಲಿ, ಜರ್ಮನಿಯಲ್ಲಿ ಬಿಸ್ಮಾರ್ಕ್ ಕಾರ್ಮಿಕರಿಗೆ ಕಾಯಿಲೆಯ ವಿಮೆ ತಂದರು. ಮರುವರ್ಷ ಅಪಘಾತ ವಿಮೆ, 1889ರಲ್ಲಿ ವೃದ್ಧಾಪ್ಯ ವೇತನ. ಅವರಿಗೇನೂ ಕಾರ್ಮಿಕರ ಮೇಲೆ ಮಮತೆ ಉಕ್ಕಿರಲಿಲ್ಲ. 1878ರಲ್ಲಿ ಸಮಾಜವಾದಿಗಳ ಮೇಲೆ ನಿರ್ಬಂಧದ ಕಾನೂನು ಹೇರಿದ್ದವರೂ ಅವರೇ. ಕಾರ್ಮಿಕರನ್ನು ಆ ಪಕ್ಷದಿಂದ ಬಿಡಿಸಿ ತಮ್ಮ ಕಡೆ ಸೆಳೆಯುವುದು ಅವರ ಲೆಕ್ಕಾಚಾರವಾಗಿತ್ತು. ಆ ಲೆಕ್ಕಾಚಾರ ಫಲಿಸಲಿಲ್ಲ. 1890ರಲ್ಲಿ ಬಿಸ್ಮಾರ್ಕ್ ಅಧಿಕಾರ ಬಿಟ್ಟರು, ಸಮಾಜವಾದಿಗಳು ಬೆಳೆಯುತ್ತಲೇ ಹೋದರು. ವಿಮೆ ಉಳಿಯಿತು, ಮುಂದೆ ಹಲವು ದೇಶಗಳಿಗೆ ಮಾದರಿಯಾಯಿತು. ಕೊಟ್ಟವರ ಮನಸ್ಸಿನಲ್ಲಿ ಏನಿತ್ತು ಎಂಬುದಕ್ಕಿಂತ ಪಡೆದವರ ಬದುಕಿನಲ್ಲಿ ಏನು ಬದಲಾಯಿತು ಎಂಬುದನ್ನು ನೋಡಬೇಕು ಎಂದು ನಾನು ನಂಬಿರುವುದು ಈ ಕಾರಣಕ್ಕೆ.

ಕೊಟ್ಟವರಿಗೆಲ್ಲ ಜನ ಕಣ್ಣುಮುಚ್ಚಿ ಮತ ಹಾಕುತ್ತಾರೆ ಎಂಬುದೂ ನಮ್ಮ ತಪ್ಪು ತಿಳಿವಳಿಕೆ. 2020ರ ಅಕ್ಟೋಬರಿನಲ್ಲಿ ಈ ನಗರ ನೀರಿನಲ್ಲಿ ಮುಳುಗಿದ್ದು ನಿಮಗೆಲ್ಲ ನೆನಪಿದೆ. ಸರ್ಕಾರ ಮನೆಗೆ 10,000 ರೂಪಾಯಿ ಪರಿಹಾರ ಘೋಷಿಸಿತು. ನವೆಂಬರಿನಲ್ಲಿ ಮೀಸೇವಾ ಕೇಂದ್ರಗಳ ಮುಂದೆ ಜನ ಸಾಲುಗಟ್ಟಿ ನಿಂತಿದ್ದಾಗಲೇ ಮಹಾನಗರ ಪಾಲಿಕೆ ಚುನಾವಣೆ ಬಂತು. ರಾಜ್ಯ ಚುನಾವಣಾ ಆಯೋಗ ಹಂಚಿಕೆ ನಿಲ್ಲಿಸಿತು. ಡಿಸೆಂಬರ್ 1ರಂದು ಮತದಾನ ನಡೆದಾಗ ಆಳುವ ಪಕ್ಷ 99 ಸ್ಥಾನಗಳಿಂದ 56ಕ್ಕೆ ಇಳಿಯಿತು. ಮರುವರ್ಷ ಹುಜೂರಾಬಾದ್ ಉಪಚುನಾವಣೆಯ ಹೊಸ್ತಿಲಲ್ಲಿ ಕುಟುಂಬಕ್ಕೆ 10 ಲಕ್ಷ ರೂಪಾಯಿಯ ದಲಿತ ಬಂಧು ಯೋಜನೆ ಅದೇ ಕ್ಷೇತ್ರದಿಂದ ಜಾರಿಗೆ ಬಂತು. ಹುಜೂರಾಬಾದ್ ಜನ ಆರಿಸಿದ್ದು ಎದುರಾಳಿ ಈಟಲ ರಾಜೇಂದರ್ ಅವರನ್ನು. ಕರ್ನಾಟಕದಲ್ಲಿ ಉಳುವವರಿಗೆ ಭೂಮಿ ಕೊಡಿಸಿದ ದೇವರಾಜ ಅರಸರೂ ಅಧಿಕಾರ ಕಳೆದುಕೊಂಡರು. ಬಡವರು ಕೊಟ್ಟದ್ದನ್ನು ತೆಗೆದುಕೊಳ್ಳುತ್ತಾರೆ, ಕೊಟ್ಟವರನ್ನು ತೂಗಿಯೂ ನೋಡುತ್ತಾರೆ. ಈ ವಿವೇಕವನ್ನು ನಾವು ಅವರಿಗೆ ಒಪ್ಪಿಕೊಡಬೇಕು.

ಹಾಗಾದರೆ ಈ ಯೋಜನೆಗಳಲ್ಲಿ ತಪ್ಪೇ ಇಲ್ಲವೇ? ಇದೆ. ತೆಲಂಗಾಣದಲ್ಲಿ ಹೆಣ್ಣುಮಕ್ಕಳಿಗೆ ತಿಂಗಳಿಗೆ 2,500 ರೂಪಾಯಿ ಕೊಡುತ್ತೇವೆಂದು ಕಾಂಗ್ರೆಸ್ 2023ರಲ್ಲಿ ಹೇಳಿದ ಮಾತು ಅಧಿಕಾರ ಹಿಡಿದು ಎರಡು ವರ್ಷ ತುಂಬುವ ಹೊತ್ತಿಗೂ ಕೈಗೂಡಿರಲಿಲ್ಲ. ಕರ್ನಾಟಕದ ಗ್ಯಾರಂಟಿಗಳಿಗೆ 2024–25ರ ಬಜೆಟ್ಟಿನಲ್ಲಿ ಸುಮಾರು 52,000 ಕೋಟಿ ರೂಪಾಯಿ ತೆಗೆದಿಡಬೇಕಾಯಿತು. ಅದು ಹಗುರವಾದ ಹೊರೆ ಅಲ್ಲ. ಆದರೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ತಪ್ಪು ಬೇರೆ. ಯೋಜನೆ ಹುಟ್ಟುವುದು ಮತಕ್ಕಾಗಿ ಎಂದ ಮೇಲೆ, ಅದು ಮತದಾರರ ಹಿಂದೆಯೇ ಹೋಗುತ್ತದೆ. ಎಲ್ಲಿ ನಿಮ್ಮ ಮತವಿಲ್ಲವೋ ಅಲ್ಲಿ ನಿಮ್ಮ ದುಡಿಮೆ ಎಷ್ಟೇ ಇರಲಿ, ನೀವು ಲೆಕ್ಕಕ್ಕೆ ಬರುವುದಿಲ್ಲ. ಗುಳೆ ಬಂದವರ ಮತ ಊರಲ್ಲಿ, ಬದುಕು ಇಲ್ಲಿ. ಇದನ್ನೇ ನಾನು ನಿಮ್ಮೆಲ್ಲರ ಮುಂದೆ ಇಡಬೇಕೆಂದಿದ್ದೇನೆ.

ನಮ್ಮ ಅಪಾರ್ಟ್‌ಮೆಂಟಿನ ನಾಲ್ಕೈದು ಮನೆಗಳಲ್ಲಿ ಪಾತ್ರೆ ತಿಕ್ಕುವ, ನೆಲ ಒರೆಸುವ ಹೆಣ್ಣುಮಗಳು ಶಹಾಪುರ ತಾಲ್ಲೂಕಿನವಳು. ಗಂಡ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಾನೆ. ಒಮ್ಮೆ ಬಸ್ಸಿನ ಮಾತು ಬಂದಾಗ ಅವಳು ಹೇಳಿದಳು: "ಅಕ್ಕಾರ, ಊರಾಗ ಬಸ್ಸಿಗಿ ರೊಕ್ಕ ಇಲ್ಲ, ಖರೆ. ಆದ್ರ ಊರಾಗ ನಾ ಎಲ್ಲಿಗಿ ಹೋಗ್ಲಿ, ಅಲ್ಲಿ ಕೆಲಸನ ಇಲ್ಲ. ಇಲ್ಲಿ ದಿನಾ ಎರಡು ಸಲ ಬಸ್ ಹತ್ತಬೇಕು, ಇಲ್ಲೇ ರೊಕ್ಕ ಕೊಡಬೇಕು."

ಈ ಮಾತನ್ನು ನಿಯಮಗಳ ಪಕ್ಕ ಇಟ್ಟು ನೋಡಿ. ಕರ್ನಾಟಕದ ಶಕ್ತಿ ಯೋಜನೆ 2023ರ ಜೂನ್ 11ರಂದು ಆರಂಭವಾಯಿತು. ಕರ್ನಾಟಕದ ನಿವಾಸಿ ಮಹಿಳೆಯರಿಗೆ, ರಾಜ್ಯದ ಒಳಗಿನ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಉಚಿತ ಪ್ರಯಾಣ. ತೆಲಂಗಾಣದ ಮಹಾಲಕ್ಷ್ಮಿ ಯೋಜನೆ ಅದೇ ವರ್ಷ ಡಿಸೆಂಬರ್ 9ರಂದು ಬಂತು. ತೆಲಂಗಾಣದವರೆಂದು ಗುರುತಿನ ಚೀಟಿ ತೋರಿಸಿದ ಮಹಿಳೆಯರಿಗೆ ಹೈದರಾಬಾದ್ ನಗರದ ಬಸ್ಸುಗಳಲ್ಲೂ ಜೀರೋ ಟಿಕೆಟ್. ನಮ್ಮ ಶಹಾಪುರದ ಹೆಣ್ಣುಮಗಳ ಆಧಾರ್ ಕಾರ್ಡಿನಲ್ಲಿ ಯಾದಗಿರಿ ಜಿಲ್ಲೆಯ ವಿಳಾಸವಿದೆ. ಆದ್ದರಿಂದ ಇಲ್ಲಿನ ಕಂಡಕ್ಟರು ಅವಳಿಂದ ಹಣ ಪಡೆಯುತ್ತಾರೆ. ಅವರದೇನೂ ತಪ್ಪಿಲ್ಲ, ನಿಯಮ ಹಾಗಿದೆ. ಹಬ್ಬಕ್ಕೆ ಊರಿಗೆ ಹೋಗುವಾಗ ಅವಳು ಹತ್ತುವುದು ಅಂತರರಾಜ್ಯ ಬಸ್ಸು. ಅಲ್ಲಿಯೂ ಟಿಕೆಟ್ ಕೊಳ್ಳಬೇಕು. ಎರಡು ರಾಜ್ಯಗಳ ಹೆಣ್ಣುಮಕ್ಕಳು ಬಿಟ್ಟಿ ಓಡಾಡುತ್ತಿದ್ದಾರೆ ಎಂದು ನಾವು ಮಾತಾಡಿಕೊಳ್ಳುತ್ತಿರುವಾಗ, ನಮ್ಮ ಮನೆಯ ಬಾಗಿಲಿಗೆ ಬರುವವಳು ದಿನದ ಎರಡೂ ಪಯಣಕ್ಕೆ ಪೂರ್ತಿ ಹಣ ತೆರುತ್ತಿದ್ದಾಳೆ.

ಅಕ್ಕಿಯ ವಿಷಯ ಇನ್ನೂ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅದರಲ್ಲಿ ಅರ್ಧ ದಾರಿ ಈಗಾಗಲೇ ತೆರೆದಿದೆ ಮತ್ತು ನಮ್ಮಲ್ಲಿ ಬಹಳ ಜನಕ್ಕೆ ಅದು ಗೊತ್ತಿಲ್ಲ. ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಯಲ್ಲಿ ಕರ್ನಾಟಕದ ರೇಷನ್ ಕಾರ್ಡ್ ಇರುವವರು ಹೈದರಾಬಾದಿನ ರೇಷನ್ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ತಮ್ಮ ಪಾಲಿನ ಧಾನ್ಯ ಪಡೆಯಬಹುದು. ಸುಪ್ರೀಂ ಕೋರ್ಟ್ 2021ರ ಜೂನ್ 29ರಂದು, ವಲಸೆ ಕಾರ್ಮಿಕರ ಪ್ರಕರಣದಲ್ಲಿ, ಎಲ್ಲ ರಾಜ್ಯಗಳೂ ಇದನ್ನು ಜಾರಿ ಮಾಡಲೇಬೇಕೆಂದು ಗಡುವು ಹಾಕಿ ಆದೇಶಿಸಿತು. ಊರಲ್ಲಿ ಅತ್ತೆ ಮಾವ ಇದ್ದರೆ ಅವರ ಪಾಲು ಅಲ್ಲಿ, ಇಲ್ಲಿರುವವರ ಪಾಲು ಇಲ್ಲಿ ಪಡೆಯಲೂ ಅವಕಾಶವಿದೆ. ಆದರೆ ಗಡಿ ದಾಟಿ ಬರುವುದು ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ, ತಲೆಗೆ 5 ಕೆ.ಜಿ.ಯ ಕೇಂದ್ರದ ಪಾಲು ಮಾತ್ರ. ಅನ್ನಭಾಗ್ಯದಲ್ಲಿ ಕರ್ನಾಟಕ ತನ್ನ ಖರ್ಚಿನಲ್ಲಿ ಸೇರಿಸುವ ಹೆಚ್ಚುವರಿ ಪಾಲು ಗಡಿಯಲ್ಲೇ ನಿಲ್ಲುತ್ತದೆ. ಅಂದರೆ ಊರಲ್ಲಿ ಎರಡೂ ಪಾಲಿಗೆ ಹಕ್ಕಿದ್ದವಳು ಹೈದರಾಬಾದಿನಲ್ಲಿ ಒಂದೇ ಪಾಲಿಗೆ ಇಳಿಯುತ್ತಾಳೆ. ಬಾಡಿಗೆ, ಹಾಲು, ತರಕಾರಿ ಎಲ್ಲವೂ ದುಬಾರಿಯಾದ ಕಡೆ ಅವಳಿಗೆ ಸಿಗುವುದು ಕಡಿಮೆಯಾಗುವುದು ನ್ಯಾಯವೇ?

ಗಡಿಯ ತಂಟೆಯಿಲ್ಲದೆ ಬರುವುದು ಹಣ. ಕರ್ನಾಟಕದ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಬ್ಯಾಂಕ್ ಖಾತೆಗೆ ಬೀಳುತ್ತದೆ, ಖಾತೆಗೆ ಊರು ಯಾವುದಾದರೇನು. ಆದರೆ ಅದು ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಎಂದು ಹೆಸರಿರುವವರಿಗೆ. ಕೂಡು ಕುಟುಂಬದ ಕಾರ್ಡಿನಲ್ಲಿ ಆ ಹೆಸರು ಊರಲ್ಲಿರುವ ಅತ್ತೆಯದು. ಅತ್ತೆಗೆ ಸಿಗುವುದು ಬೇಡ ಎನ್ನುವಷ್ಟು ಕಲ್ಲು ಮನಸ್ಸು ನನ್ನದಲ್ಲ. ಗುಳೆ ಬಂದವರ ಮಕ್ಕಳನ್ನು ಎಷ್ಟೋ ಕಡೆ ಸಾಕುತ್ತಿರುವವಳೇ ಆ ಅತ್ತೆ. ಆದರೂ ಇಲ್ಲಿ ಬಂದು ದುಡಿಯುವ ಸೊಸೆಯ ಹೆಸರಿನಲ್ಲಿ ಯಾವ ಸರ್ಕಾರದ ಹಣವೂ ಬರುವುದಿಲ್ಲ ಎಂಬ ಮಾತು ಉಳಿಯುತ್ತದೆ.

ಗಡಿಯ ಎರಡೂ ಕಡೆಯ ಜನ ಆಚೆಯವರಿಗೆ ಏನು ಸಿಗುತ್ತಿದೆ ಎಂದು ನೋಡುತ್ತಲೇ ಇದ್ದಾರೆ, ರಾಜಕಾರಣಿಗಳಿಗೂ ಇದು ಚೆನ್ನಾಗಿ ಗೊತ್ತು. ತೆಲಂಗಾಣದ ಹಿಂದಿನ ಸರ್ಕಾರದ ರೈತಬಂಧು ನೆರವು, ಆಸರಾ ಪಿಂಚಣಿಗಳ ಕಾಲದಲ್ಲಿ ಕರ್ನಾಟಕದ ಗಡಿ ಹಳ್ಳಿಗಳು ತೆಲಂಗಾಣದ ಕಡೆ ಆಸೆಗಣ್ಣಿನಿಂದ ನೋಡುತ್ತಿದ್ದವು. 2021ರ ಅಕ್ಟೋಬರಿನಲ್ಲಿ ರಾಯಚೂರು ಶಾಸಕ ಶಿವರಾಜ ಪಾಟೀಲರು, ಹೀಗೇ ಕಡೆಗಣಿಸುವುದಾದರೆ ನಮ್ಮನ್ನು ತೆಲಂಗಾಣಕ್ಕೆ ಸೇರಿಸಿಬಿಡಿ ಎಂಬರ್ಥದ ಮಾತನಾಡಿದಾಗ ಅದು ಎರಡೂ ರಾಜ್ಯಗಳಲ್ಲಿ ಸುದ್ದಿಯಾಯಿತು, ಕೆ. ಚಂದ್ರಶೇಖರ ರಾವ್ ಅವರಿಗೆ ಭಾಷಣದ ವಸ್ತುವಾಯಿತು. ಎರಡೇ ವರ್ಷಗಳಲ್ಲಿ ಗಾಳಿ ತಿರುಗಿತು. ಕರ್ನಾಟಕದಲ್ಲಿ ಐದು ಗ್ಯಾರಂಟಿಗಳಿಂದ ಗೆದ್ದ ಕಾಂಗ್ರೆಸ್, 2023ರ ಸೆಪ್ಟೆಂಬರ್ 17ರಂದು ನಮ್ಮ ಊರಿನ ಅಂಚಿನ ತುಕ್ಕುಗುಡದಲ್ಲಿ ಆರು ಗ್ಯಾರಂಟಿಗಳನ್ನು ಘೋಷಿಸಿತು. ಹೈದರಾಬಾದ್ ಸಂಸ್ಥಾನ ಭಾರತದ ಒಕ್ಕೂಟಕ್ಕೆ ಸೇರಿದ ದಿನವನ್ನು ಬೀದರ್, ಕಲಬುರಗಿ, ರಾಯಚೂರುಗಳೂ ಆಚರಿಸುತ್ತವೆ. ಅಂದೇ ಈ ಘೋಷಣೆ. ಡಿಸೆಂಬರ್ 7ರಂದು ಎಲ್.ಬಿ. ಸ್ಟೇಡಿಯಂನಲ್ಲಿ ಪ್ರಮಾಣ ವಚನ ತೆಗೆದುಕೊಂಡ ರೇವಂತ್ ರೆಡ್ಡಿಯವರು ಅದೇ ವೇದಿಕೆಯಲ್ಲಿ ಗ್ಯಾರಂಟಿಗಳ ಕಡತಕ್ಕೆ ಸಹಿ ಹಾಕಿದರು. 2004ರಲ್ಲಿ ರಾಜಶೇಖರ ರೆಡ್ಡಿಯವರು ರೈತರ ಉಚಿತ ವಿದ್ಯುತ್ತಿಗೆ ಸಹಿ ಹಾಕಿದ್ದೂ ಅದೇ ಸ್ಟೇಡಿಯಂನಲ್ಲಿ.

ಆ ಚುನಾವಣೆಯ ಒಂದು ಸಂಗತಿಯನ್ನು ನಾನು ಮರೆಯಲಾರೆ. ಕರ್ನಾಟಕ ಸರ್ಕಾರ ತನ್ನ ಗ್ಯಾರಂಟಿಗಳ ಜಾಹೀರಾತನ್ನು ತೆಲಂಗಾಣದ ಪತ್ರಿಕೆಗಳಲ್ಲಿ ಪ್ರಕಟಿಸಿತು. ಮತದಾನಕ್ಕೆ ಮೂರು ದಿನ ಇರುವಾಗ, 2023ರ ನವೆಂಬರ್ 27ರಂದು, ಕೇಂದ್ರ ಚುನಾವಣಾ ಆಯೋಗ ಅದನ್ನು ನಿಲ್ಲಿಸುವಂತೆ ಹೇಳಿತು. ಶಕ್ತಿ, ಅನ್ನಭಾಗ್ಯಗಳ ಜಾಹೀರಾತು ಗಡಿ ದಾಟಿ ಹೈದರಾಬಾದಿಗೆ ಬಂದು ನಮ್ಮ ಬೆಳಗಿನ ಪತ್ರಿಕೆಯಲ್ಲಿ ಕುಳಿತಿತು. ಯೋಜನೆ ಮಾತ್ರ ಇಲ್ಲಿ ದುಡಿಯುವ ಕನ್ನಡದ ಹೆಣ್ಣುಮಕ್ಕಳವರೆಗೆ ಬರಲಿಲ್ಲ.

ಮತವಿಲ್ಲದವರಿಗೆ ಸರ್ಕಾರ ಕೊಡಲು ಸಾಧ್ಯವೇ ಇಲ್ಲ ಎಂದು ಯಾರಾದರೂ ಹೇಳಿದರೆ 2020ರ ಲಾಕ್‌ಡೌನ್ ನೆನಪಿಸಿ. ಮಾರ್ಚ್ ಕೊನೆಯಲ್ಲಿ ತೆಲಂಗಾಣ ಸರ್ಕಾರ, ರಾಜ್ಯದಲ್ಲಿ ಸಿಕ್ಕಿಕೊಂಡ ವಲಸೆ ಕಾರ್ಮಿಕರಿಗೆ ರೇಷನ್ ಕಾರ್ಡ್ ಕೇಳದೆ ತಲೆಗೆ 12 ಕೆ.ಜಿ. ಅಕ್ಕಿ, 500 ರೂಪಾಯಿ ಕೊಡುವುದಾಗಿ ಘೋಷಿಸಿತು. ಅವರು ಈ ರಾಜ್ಯದ ಬೆಳವಣಿಗೆಯಲ್ಲಿ ಪಾಲುದಾರರು ಎಂದು ಮುಖ್ಯಮಂತ್ರಿಗಳು ಹೇಳಿದರು. ಹಂಚಿಕೆ ಎಲ್ಲರಿಗೂ ಮುಟ್ಟಿತೆಂದು ನಾನು ಹೇಳುವುದಿಲ್ಲ. ಕಂದಿಯ ಐಐಟಿ ಕಟ್ಟಡದ ಕಾರ್ಮಿಕರು ಊರಿಗೆ ಕಳಿಸಿ ಎಂದು ಏಪ್ರಿಲ್ ಕೊನೆಯಲ್ಲಿ ರಸ್ತೆಗಿಳಿದರು. ಮೇ 1ರಂದು, ಕಾರ್ಮಿಕರ ದಿನವೇ, ದೇಶದ ಮೊದಲ ಶ್ರಮಿಕ ರೈಲು ಲಿಂಗಂಪಲ್ಲಿಯಿಂದ ಜಾರ್ಖಂಡ್‌ನ ಹಟಿಯಾಕ್ಕೆ ಹೊರಟಿತು, ಸುಮಾರು 1,200 ಮಂದಿಯನ್ನು ಹೊತ್ತು. ಆಗ ಯಾರೂ ಅವರ ಮತ ಯಾವ ಕ್ಷೇತ್ರದಲ್ಲಿದೆ ಎಂದು ಕೇಳಲಿಲ್ಲ. ಇಂದಿಗೂ ಪಾಲಿಕೆಯ ಐದು ರೂಪಾಯಿ ಊಟದ ಕೌಂಟರಿನಲ್ಲಿ ಯಾರೂ ಯಾವ ಕಾರ್ಡನ್ನೂ ಕೇಳುವುದಿಲ್ಲ. 2014ರಲ್ಲಿ ಶುರುವಾದ ಆ ಊಟದ ಹೆಸರು ಅನ್ನಪೂರ್ಣದಿಂದ ಇಂದಿರಮ್ಮ ಕ್ಯಾಂಟೀನ್ ಎಂದು ಬದಲಾಗಿದೆ, ತಟ್ಟೆ ಹಿಡಿದು ನಿಂತವರ ಸಾಲು ಬದಲಾಗಿಲ್ಲ. ಬಸ್ತಿ ದವಾಖಾನೆಗಳಲ್ಲೂ ರೇಷನ್ ಕಾರ್ಡ್ ಇದ್ದವರಿಗೆ ಮಾತ್ರ ಚಿಕಿತ್ಸೆ ಎಂಬ ನಿಯಮವಿಲ್ಲ. ಗಡಿ ನೋಡದ ಯೋಜನೆ ನಡೆಸುವುದು ಈ ನಗರಕ್ಕೆ ಬರದ ವಿದ್ಯೆ ಅಲ್ಲ.

ಇನ್ನು ತೆರಿಗೆಯ ಮಾತು. ನಮ್ಮ ತೆರಿಗೆ ಎನ್ನುವಾಗ ನಾವು ಆದಾಯ ತೆರಿಗೆಯನ್ನಷ್ಟೇ ಯೋಚಿಸುತ್ತೇವೆ. ಜಿಎಸ್‌ಟಿ 2017ರಲ್ಲಿ ಬಂದ ಮೇಲೆ, ವಸ್ತು ಎಲ್ಲಿ ಬಳಕೆಯಾಗುತ್ತದೋ ಆ ರಾಜ್ಯಕ್ಕೆ ತೆರಿಗೆಯ ರಾಜ್ಯದ ಪಾಲು ಸೇರುತ್ತದೆ. ಶಹಾಪುರದ ಹೆಣ್ಣುಮಗಳು ಇಲ್ಲಿ ಕೊಳ್ಳುವ ಚಪ್ಪಲಿ, ಬಟ್ಟೆ, ಪಾತ್ರೆ, ಫೋನು, ಇವುಗಳ ಮೇಲಿನ ತೆರಿಗೆಯಲ್ಲಿ ತೆಲಂಗಾಣಕ್ಕೆ ಪಾಲಿದೆ. ಅವಳು ತೆಲಂಗಾಣದ ತೆರಿಗೆದಾರಳು, ಮತದಾರಳಲ್ಲ ಅಷ್ಟೇ. ಅವಳ ಗಂಡ ಕಟ್ಟಿದ ಕಟ್ಟಡದ ಖರ್ಚಿನಲ್ಲಿ ನೂರಕ್ಕೆ ಒಂದು ಪಾಲು ಕಾರ್ಮಿಕ ಕಲ್ಯಾಣ ಸೆಸ್ ಎಂದು ಸರ್ಕಾರಕ್ಕೆ ಹೋಗುತ್ತದೆ. ನಾವು ಕೊಂಡ ಫ್ಲಾಟಿನ ಬೆಲೆಯಲ್ಲಿ ಅದೂ ಸೇರಿದೆ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ತಂದ ವ್ಯವಸ್ಥೆ ಇದು. ಅದರ ನೋಂದಣಿಗೆ ಊರು ಯಾವುದೆಂಬುದು ಅಡ್ಡಿಯಲ್ಲ. ವಯಸ್ಸು 18ರಿಂದ 60ರ ಒಳಗಿರಬೇಕು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ನೋಂದಾಯಿಸಿಕೊಂಡವರು ಬಿದ್ದು ಸತ್ತರೆ, ಕೈಕಾಲು ಕಳೆದುಕೊಂಡರೆ, ಹೆರಿಗೆಯಾದರೆ ಮಂಡಳಿಯಿಂದ ನೆರವು ಸಿಗುತ್ತದೆ. ಮೇಸ್ತ್ರಿಗಳು ಇದನ್ನು ಹೇಳುವುದಿಲ್ಲ. ಹೇಳಿದರೂ 90 ದಿನದ ಪ್ರಮಾಣಪತ್ರಕ್ಕೆ ಸಹಿ ಮಾಡುವವರು ಬೇಕು, ತೆಲುಗು ಅಥವಾ ಇಂಗ್ಲಿಷಿನಲ್ಲಿ ಅರ್ಜಿ ತುಂಬುವವರು ಬೇಕು, ಒಂದು ದಿನದ ಕೂಲಿ ಬಿಟ್ಟು ಕಚೇರಿಗೆ ಹೋಗಬೇಕು.

ಸೆಪ್ಟೆಂಬರ್ 15 ಬಂದರೆ ನಾವು ಸರ್ ಎಂ. ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹಾರ ಹಾಕುತ್ತೇವೆ. 1908ರ ಸೆಪ್ಟೆಂಬರ್ 28ರ ಮೂಸಿ ಪ್ರವಾಹದ ನಂತರ ನಿಜಾಮರ ಸರ್ಕಾರ ಅವರನ್ನು ಕರೆಸಿತು. ಅವರು ಹಾಕಿಕೊಟ್ಟ ಯೋಜನೆಯಿಂದ ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ಪ್ರವಾಹದ ಭಯ ತಗ್ಗಿ ಈ ಊರು ಉಸಿರಾಡುವಂತಾಯಿತು, ಕುಡಿಯುವ ನೀರನ್ನೂ ಪಡೆಯಿತು. ಮುದ್ದೇನಹಳ್ಳಿಯ ಕನ್ನಡಿಗರೊಬ್ಬರು ಈ ನಗರಕ್ಕೆ ಮಾಡಿದ ಉಪಕಾರವೆಂದು ನಾವು ಹೆಮ್ಮೆ ಪಡುತ್ತೇವೆ, ಪಡಬೇಕಾದದ್ದೇ. ಇಂದು ಇದೇ ನಗರದ ಮೂವತ್ತು ನಲವತ್ತು ಮಹಡಿಗಳ ಕಟ್ಟಡಗಳಿಗೆ ಕಬ್ಬಿಣ ಕಟ್ಟುತ್ತಿರುವ ಸುರಪುರ, ಗುರುಮಠಕಲ್, ಸೇಡಂ ಕಡೆಯವರೂ ಕನ್ನಡಿಗರೇ. ನಮ್ಮ ಸದಸ್ಯತ್ವದ ಪುಸ್ತಕದಲ್ಲಿ ಅವರ ಹೆಸರು ಎಷ್ಟಿವೆ, ನೋಡಿ ಹೇಳಿ. ಹೊರನಾಡ ಕನ್ನಡಿಗರ ಸಮ್ಮೇಳನಗಳಲ್ಲಿ ನಾವು ಕೇಳುವುದು ಭವನ, ಅನುದಾನ, ಪುಸ್ತಕ. ಅವರ ಅಗತ್ಯಗಳು ನಮ್ಮ ಮನವಿ ಪತ್ರಗಳಲ್ಲಿ ಬಂದೇ ಇಲ್ಲ. ಊರಿನ ಚುನಾವಣೆ ಬಂದಾಗ ಅವರನ್ನು ಕರೆದೊಯ್ಯಲು ವಾಹನ ಬರುತ್ತದೆ. ಉಳಿದ ದಿನಗಳಲ್ಲಿ ಅವರನ್ನು ಕೇಳುವವರು ಯಾರು?

ಈಗ ನನ್ನ ಕೋರಿಕೆಗಳು.

2023ರ ಡಿಸೆಂಬರಿನಲ್ಲಿ ಹೈದರಾಬಾದಿನಲ್ಲೂ ಬೆಂಗಳೂರಿನಲ್ಲೂ ಒಂದೇ ಪಕ್ಷದ ಸರ್ಕಾರವಾಯಿತು. ಇಂಥ ಅವಕಾಶ ಪದೇ ಪದೇ ಬರುವುದಿಲ್ಲ. ನಮ್ಮ ಎಲ್ಲ ಸಂಘಗಳೂ ಸೇರಿ, ಇಬ್ಬರೂ ಮುಖ್ಯಮಂತ್ರಿಗಳಿಗೆ ಒಂದೇ ಮನವಿ ಕೊಡೋಣ. ಕರ್ನಾಟಕದ ವಿಳಾಸವಿದ್ದು ಹೈದರಾಬಾದಿನಲ್ಲಿ ದುಡಿಯುವ ಮಹಿಳೆಗೆ ಇಲ್ಲಿನ ನಗರ ಬಸ್ಸುಗಳಲ್ಲಿ ಜೀರೋ ಟಿಕೆಟ್ ಸಿಗಲಿ. ತೆಲಂಗಾಣದ ವಿಳಾಸವಿದ್ದು ಬೀದರ್, ರಾಯಚೂರು, ಬೆಂಗಳೂರುಗಳಲ್ಲಿ ದುಡಿಯುವ ಮಹಿಳೆಗೆ ಅಲ್ಲಿ ಸಿಗಲಿ. ಇದು ಲೆಕ್ಕ ಮಾಡಲಾಗದ ಕೆಲಸವಲ್ಲ. ಕಂಡಕ್ಟರ ಯಂತ್ರದಿಂದ ಬರುವ ಪ್ರತಿ ಜೀರೋ ಟಿಕೆಟಿಗೂ ದಾಖಲೆಯಿದೆ, ಅದರ ಮೇಲೆಯೇ ಸರ್ಕಾರ ಸಾರಿಗೆ ನಿಗಮಕ್ಕೆ ಹಣ ತುಂಬುತ್ತದೆ. ಹೊರ ರಾಜ್ಯದ ಗುರುತಿನ ಚೀಟಿಗೆ ಒಂದು ಬೇರೆ ಗುಂಡಿ ಇಟ್ಟರೆ ವರ್ಷದ ಕೊನೆಗೆ ಎರಡು ಸರ್ಕಾರಗಳು ಕುಳಿತು ಬಾಕಿ ತೀರಿಸಿಕೊಳ್ಳಬಹುದು.

ಕರ್ನಾಟಕಕ್ಕೆ ಮಾತ್ರ ಸಲ್ಲಬೇಕಾದ ಕೋರಿಕೆ ಇನ್ನೊಂದಿದೆ. 2023ರಲ್ಲಿ ಹೆಚ್ಚುವರಿ ಅಕ್ಕಿ ಸಿಗದೆ ಹೋದಾಗ ರಾಜ್ಯ ಸರ್ಕಾರ 5 ಕೆ.ಜಿ.ಗೆ ಬದಲು ಕೆ.ಜಿ.ಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿಯನ್ನು ಖಾತೆಗೆ ಹಾಕಿತು, ಅಕ್ಕಿ ಮತ್ತೆ ಸಿಗುವವರೆಗೂ ಹಾಗೆಯೇ ನಡೆಸಿತು. ಹೊರ ರಾಜ್ಯದ ಅಂಗಡಿಯಲ್ಲಿ ಕೇಂದ್ರದ ಪಾಲು ಪಡೆದವರ ವಿವರ ಬೆರಳಚ್ಚಿನ ಯಂತ್ರದಲ್ಲಿ ದಾಖಲಾಗುತ್ತದೆ. ಆ ತಿಂಗಳು ಅವರ ಹೆಚ್ಚುವರಿ ಪಾಲಿನ ಹಣವನ್ನು ಹಿಂದಿನಂತೆಯೇ ಖಾತೆಗೆ ಹಾಕಿದರಾಯಿತು. ಹೊಸ ಯೋಜನೆ ಬೇಡ, ಹೊಸ ಹೆಸರೂ ಬೇಡ.

ಮೂರನೆಯದನ್ನು ಯಾವ ಸರ್ಕಾರಕ್ಕೂ ಕಾಯದೆ ನಾವೇ ಮಾಡಬಹುದು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಿಂದ ಹಿಡಿದು ಹೊಸ ಬಡಾವಣೆಗಳ ಚಿಕ್ಕ ಸಂಘಗಳವರೆಗೆ ನಮ್ಮಲ್ಲಿ ಜಾಗವಿದೆ, ಕಂಪ್ಯೂಟರ್ ಇದೆ, ತೆಲುಗು ಓದಬಲ್ಲ ಮಕ್ಕಳಿದ್ದಾರೆ, ನಿವೃತ್ತ ಬ್ಯಾಂಕ್ ನೌಕರರು, ವಕೀಲರು, ಶಿಕ್ಷಕರು ಇದ್ದಾರೆ. ಭಾನುವಾರ ಬೆಳಗ್ಗೆ ಎರಡು ಗಂಟೆ ಒಂದು ಮೇಜು ಹಾಕೋಣ. ಕಟ್ಟಡ ಕಾರ್ಮಿಕರ ಮಂಡಳಿಗೆ ಅರ್ಜಿ ತುಂಬಿಕೊಡೋಣ, ಇಲ್ಲಿಯೇ ರೇಷನ್ ಪಡೆಯುವ ದಾರಿ ತಿಳಿಸೋಣ, ಆಧಾರ್ ಜೋಡಣೆಯಲ್ಲಿ ನಿಂತುಹೋದ ಗೃಹಲಕ್ಷ್ಮಿ ಹಣದ ಬಗ್ಗೆ ಊರಿನ ಕಚೇರಿಗೆ ಫೋನ್ ಮಾಡಿ ಕೇಳೋಣ. ಬಿಲ್ಡರ್‌ಗಳಲ್ಲಿ ನಮ್ಮವರೂ ಇದ್ದಾರೆ. 90 ದಿನದ ಪ್ರಮಾಣಪತ್ರಕ್ಕೆ ತಮ್ಮ ಕೆಲಸಗಾರರಿಗೆ ಸಹಿ ಹಾಕಿಕೊಡಿ ಎಂದು ಅವರನ್ನು ನೇರವಾಗಿ ಕೇಳೋಣ. ಅಡ್ಡಾದಲ್ಲಿ ಕೂಲಿಗೆ ನಿಲ್ಲುವವರಿಗೆ ಸುದ್ದಿ ಮುಟ್ಟಿಸುವುದು ಸುಲಭ: ಒಬ್ಬರಿಗೆ ಕಾರ್ಡ್ ಕೈಗೆ ಬಂದರೆ ಉಳಿದವರು ತಾವಾಗಿಯೇ ಬರುತ್ತಾರೆ.

ಇದರಿಂದ ನಮ್ಮ ಸಂಘಗಳಿಗೆ ರಾಜಕೀಯದ ಬಣ್ಣ ಬರುತ್ತದೆಂದು ಕೆಲವರು ಹಿಂಜರಿಯಬಹುದು. ಆ ಅಂಜಿಕೆಯನ್ನು ನಾನು ಗೌರವಿಸುತ್ತೇನೆ. ಆದರೆ ನಾವು ಯಾವ ಪಕ್ಷಕ್ಕೂ ಮತ ಕೇಳುತ್ತಿಲ್ಲ. ಕಾಯ್ದೆಯಲ್ಲಿ ಈಗಾಗಲೇ ಇರುವುದನ್ನು ಹಕ್ಕಿನವರಿಗೆ ಮುಟ್ಟಿಸುತ್ತೇವೆ, ಇಲ್ಲದಿರುವುದನ್ನು ಕೊಡಿ ಎಂದು ಎರಡೂ ಸರ್ಕಾರಗಳನ್ನು ಕೇಳುತ್ತೇವೆ. ಸರ್ಕಾರಗಳು ಮತದ ದನಿಗೆ ಕಿವಿಗೊಡುತ್ತವೆ ಎಂಬುದು ನಿಜವಾದರೆ, ಈ ನಗರದಲ್ಲಿ ಮತವಿರುವ ಕನ್ನಡಿಗರು ನಾವು. ಮತವಿಲ್ಲದ ಕನ್ನಡಿಗರ ಪರವಾಗಿ ನಮ್ಮ ದನಿ ಇಲ್ಲಿ ಕೇಳಿಸುತ್ತದೆ.

ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ಮೂರು ವಿಷಯಗಳನ್ನು ತೆಗೆದುಕೊಳ್ಳಿ. ಮನವಿಯ ಕರಡನ್ನು ಕನ್ನಡ, ತೆಲುಗು ಎರಡರಲ್ಲೂ ನಾನು ಬರೆದು ತರುತ್ತೇನೆ. ಭಾನುವಾರದ ಮೇಜಿಗೆ ಮೊದಲ ಕುರ್ಚಿ ನನ್ನದು. ಎರಡನೆಯದಕ್ಕೆ ನಿಮ್ಮಲ್ಲಿ ಯಾರು ಬರುತ್ತೀರಿ, ದಯವಿಟ್ಟು ತಿಳಿಸಿ.

ಇಂತಿ,
ಹೈದರಾಬಾದಿನಲ್ಲಿ ನೆಲೆಸಿರುವ ನಿಮ್ಮ ಕಲಬುರಗಿಯ ಸಹೋದರಿ